ಆರು ತಾರಸಿ, ಒಬ್ಬ ಸೂರ್ಯ

ಪತ್ರಿಕೆಯ ಮೂಲೆಯಲ್ಲಿ ‘ವಿದ್ಯುತ್ ವ್ಯತ್ಯಯ’ ಎಂಬ ಎರಡು ಪದ ಓದಿ ಕುಣಿದಾಡಿದವರು ಆ ಸೋಮವಾರ ಇಡೀ ವರ್ತೂರಿನಲ್ಲಿ ಊರ್ಮಿಳಾ ಒಬ್ಬಳೇ ಇದ್ದಿರಬೇಕು. ಬುಧವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ದುರಸ್ತಿ ಕೆಲಸ, ಕರೆಂಟ್ ಇರುವುದಿಲ್ಲ, ಗ್ರಾಹಕರು ಸಹಕರಿಸಬೇಕು ಎಂದಿತ್ತು. ಉಳಿದ ಗ್ರಾಹಕರು ಸಹಕರಿಸುವ ಬದಲು ಶಾಪ ಹಾಕುತ್ತಿದ್ದರು. ಇವಳು ಆ ತುಂಡನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಆ ಖುಷಿಗೆ ಇನ್ನೊಂದು ಲೋಟ ಕಾಫಿ ಮಾಡಿಕೊಂಡಳು.

ಖುಷಿಗೆ ಕಾರಣ ಸೂರ್ಯ. ವೈಟ್‌ಫೀಲ್ಡಿನ ಹಳೇ ಕೈಗಾರಿಕಾ ಶೆಡ್ಡೊಂದರಲ್ಲಿ ಹದಿನೇಳು ಜನ ಸೇರಿ ನಡೆಸುವ ಪುಟ್ಟ ಕಂಪನಿಯಲ್ಲಿ ಊರ್ಮಿಳಾ ಉಪಗ್ರಹಗಳ ವಿನ್ಯಾಸ ಮಾಡುತ್ತಿದ್ದಳು. ಸೂರ್ಯ ಬೆಳಕನ್ನಷ್ಟೇ ಅಲ್ಲ, ರೇಡಿಯೋ ಅಲೆಗಳನ್ನೂ ಚೆಲ್ಲುತ್ತಾನೆ. ಅವನು ಸಿಡುಕಿ ಬೆಂಕಿ ಉಗುಳಿದಾಗ ಅದು ಯಾವ ಕಡೆ ಹೊರಟಿದೆ ಎಂದು ಈ ಅಲೆಗಳನ್ನು ಕೇಳಿ ತಿಳಿಯಬಹುದು. ಆದರೆ ಅವುಗಳಲ್ಲಿ ತೀರಾ ತಗ್ಗು ಸ್ವರದವು ಭೂಮಿಯ ಮೇಲಿನ ಗಾಳಿಯ ಛಾವಣಿಗೆ ಬಡಿದು ಹಿಂದಕ್ಕೆ ಹೋಗುತ್ತವೆ, ನೆಲದವರಿಗೆ ಕೇಳಿಸುವುದೇ ಇಲ್ಲ. ಕೇಳಬೇಕೆಂದರೆ ಮೇಲೆ ಹೋಗಬೇಕು. ಕೇಳಿದ್ದನ್ನು ಚಿತ್ರ ಮಾಡಬೇಕೆಂದರೆ ಹತ್ತು ಕಿಲೋಮೀಟರ್ ಅಗಲದ ಕಿವಿ ಬೇಕು. ಅಷ್ಟು ದೊಡ್ಡ ಕಿವಿಯನ್ನು ಹೊರುವ ರಾಕೆಟ್ ಎಲ್ಲಿಂದ ತರುವುದು? ಅದಕ್ಕೇ ಅವಳು ಶೂ ಡಬ್ಬಿಯಷ್ಟು ಗಾತ್ರದ ಆರು ಉಪಗ್ರಹಗಳನ್ನು ಹತ್ತು ಕಿಲೋಮೀಟರ್ ಹರವಿನಲ್ಲಿ ತೇಲಿಬಿಟ್ಟು, ಆರೂ ಒಂದೇ ಗಳಿಗೆಯಲ್ಲಿ ಕೇಳಿದ್ದನ್ನು ಜೋಡಿ ಜೋಡಿಯಾಗಿ ಹೋಲಿಸಿ ಚಿತ್ರ ಬಿಡಿಸುವ ಯೋಜನೆ ಹಾಕಿದ್ದಳು. ಅದು ಮೂರು ವರ್ಷಗಳ ಕೆಲಸ.

ಒಪ್ಪಿಗೆ ಕೊಡಬೇಕಾದ ಸಮಿತಿಯ ಅಧ್ಯಕ್ಷರು ಶ್ರೀಧರ್ ಎಂಬ ನಿವೃತ್ತ ವಿಜ್ಞಾನಿ. ಮಾತು ಕಡಿಮೆ, ಷರತ್ತು ಒಂದೇ. “ಕಾಗದದ ಮೇಲೆ ಎಲ್ಲರ ಉಪಗ್ರಹವೂ ಹಾರುತ್ತಮ್ಮ. ಇವೇ ರಿಸೀವರ್‌ಗಳನ್ನ ನೆಲದ ಮೇಲಿಟ್ಟು ಸೂರ್ಯನ ಒಂದೇ ಒಂದು ಚಿತ್ರ ತಗೊಂಡು ಬನ್ನಿ. ನೆಲಕ್ಕೆ ಇಳಿಯುವಷ್ಟು ಎತ್ತರದ ಸ್ವರದಲ್ಲೇ ಸಾಕು.” ಬರುವ ಶುಕ್ರವಾರ ಕೊನೆಯ ಸಭೆ. ಚಿತ್ರವಿಲ್ಲದಿದ್ದರೆ ಆರು ಉಪಗ್ರಹಗಳ ಕಡತ ಮುಚ್ಚಿ, ಬೇರೆಯವರ ಒಂಟಿ ದೊಡ್ಡ ಉಪಗ್ರಹದ ಕಡತ ತೆರೆಯುತ್ತಾರೆ.

ಆಗಲೇ ಎರಡು ಸಲ ಸೋತಾಗಿತ್ತು. ಕೋಲಾರದ ಕಡೆ ಹೊಲಕ್ಕೆ ಹೋದರೆ ಹಂದಿ ತಡೆಯಲು ಹಾಕಿದ್ದ ಕರೆಂಟಿನ ಬೇಲಿ ದಿನವಿಡೀ ಟಕ್ ಟಕ್ ಎಂದು ಬಡಿಯಿತು. ವರ್ತೂರಿನಲ್ಲಿ ತಾನು ಬಾಡಿಗೆಗಿದ್ದ ಮನೆಯ ಓನರ್ ಭದ್ರಮ್ಮನವರನ್ನು ಕಾಡಿ ಬೇಡಿ ಅವರ ಆರು ಕಟ್ಟಡಗಳ ತಾರಸಿಯ ಮೇಲೆ ಆಂಟೆನಾ ನಿಲ್ಲಿಸಿದರೆ, ಕೆಳಗಿನ ಮನೆಗಳ ಎಲ್‌ಇಡಿ ಬಲ್ಬು, ಚಾರ್ಜರ್, ಇಂಡಕ್ಷನ್ ಒಲೆ ಎಲ್ಲವೂ ರೇಡಿಯೋದಲ್ಲಿ ಒಟ್ಟಿಗೆ ಕಿರುಚಿದವು. ಮನುಷ್ಯರ ಕಿವಿಗೆ ಇದು ಕೇಳಿಸದಿರುವುದು ದೇವರ ದಯೆ.

ಭದ್ರಮ್ಮನವರಿಗೆ ಅರವತ್ತೆಂಟು. ರಾಗಿ ಬೆಳೆದ ಹೊಲ ಊರಿನ ಆ ಕೊನೆಗೊಂದು ಈ ಕೊನೆಗೊಂದು ಚದುರಿದ್ದರಿಂದ ಕಟ್ಟಡಗಳೂ ಚದುರಿಕೊಂಡೇ ಎದ್ದಿದ್ದವು. ಊರ್ಮಿಳಾಗೆ ಬೇಕಾದದ್ದೂ ಅದೇ, ಒಂದು ಕಿಲೋಮೀಟರ್ ಹರವು. ಸುತ್ತಮುತ್ತಲಿನ ಮನೆಗಳೂ ಭದ್ರಮ್ಮನವರ ನಾದಿನಿಯದೋ ಓರಗಿತ್ತಿಯದೋ ಆಗಿದ್ದವು. ಆ ಬೀದಿಗಳಲ್ಲಿ ಅವರ ಮಾತಿಗೆ ಎದುರಾಡುವ ಗಂಡಸು ಇನ್ನೂ ಹುಟ್ಟಿರಲಿಲ್ಲ.

ಸಂಜೆ ಊರ್ಮಿಳಾ ಕೆಳಗಿಳಿದು ಬಂದಾಗ ಅವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

“ಅಮ್ಮ, ಬುಧವಾರ ಕರೆಂಟ್ ತೆಗೀತಾರೆ.”

“ತೆಗೀಲಿ ಬುಡು. ಯುಪಿಎಸ್ ಐತಲ್ಲ.”

“ಅದೇ ಅಮ್ಮ ತೊಂದರೆ. ಕರೆಂಟ್ ಹೋದ ತಕ್ಷಣ ಎಲ್ಲರ ಮನೆ ಯುಪಿಎಸ್ಸೂ ಶುರುವಾಗುತ್ತೆ. ಕರೆಂಟಿಗಿಂತ ಅದರ ಗಲಾಟೆನೇ ಜಾಸ್ತಿ. ಒಂದೆರಡು ಗಂಟೆ ಎಲ್ಲರೂ ಯುಪಿಎಸ್ ಆಫ್ ಮಾಡಿದ್ರೆ...”

ಭದ್ರಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿದರು. “ಮೊದ್ಲು ನೀನು ಮಾಡ್ತಿರದೇನು ಅಂತ ನೆಟ್ಟಗೆ ಏಳು. ಆ ಆರು ಡಬ್ಬಿನ ಆಕಾಶದಲ್ಲಿ ಒಂದಕ್ಕೊಂದು ಕಟ್ಟಾಕ್ತೀಯಾ?”

“ಇಲ್ಲ ಅಮ್ಮ. ಹಿಡಿದು ನಿಲ್ಲಿಸಬೇಕಂದ್ರೆ ಸುಮ್ನೆ ಇಂಧನ ಖರ್ಚು. ತಮ್ಮ ಪಾಡಿಗೆ ತೇಲ್ತಾ ಇರ್ತವೆ. ಯಾವುದು ಎಲ್ಲಿದೆ ಅಂತ ಸರಿಯಾಗಿ ಗೊತ್ತಿದ್ರೆ ಸಾಕು.”

“ಅಂಗನ್ನು ಮತ್ತೆ. ಮೇಯಕ್ಕೆ ಬುಟ್ಟ ದನ. ಕೆರೆ ತಾವ ನಾವೂ ಅಂಗೇ ಬುಡ್ತಿದ್ವಿ. ಕತ್ತಿಗೆ ಗಂಟೆ ಕಟ್ಟಿರ್ತಿತ್ತು, ಕೂತ ಕಡೆಯಿಂದ್ಲೇ ಯಾವ್ದು ಎಲ್ಲೈತೆ ಅಂತ ಗೊತ್ತಾಗದು.”

ಇದನ್ನೇ ಸಮಿತಿಗೆ ತಿಳಿಸಲು ಊರ್ಮಿಳಾ ನಲವತ್ತು ಸ್ಲೈಡು ಮಾಡಿದ್ದಳು.

“ಸೂರ್ಯನ ಫೋಟೋ ನಮ್ಮನೆ ಮ್ಯಾಲಿಂದ ತೆಗೀತೀಯ ಅಂದ್ಮೇಲೆ ನಂಗೂ ಒಂದು ಕೊಡ್ಬೇಕು,” ಎಂದರು ಭದ್ರಮ್ಮ. “ಫ್ರೇಮ್ ಆಕ್ಸಿ ಕೊಡು. ಯುಪಿಎಸ್ ಇಚಾರ ನಂಗೆ ಬುಡು.”

ಬುಧವಾರ ಬಂತು. ಹತ್ತಾಯಿತು, ಹತ್ತೂವರೆಯೂ ಆಯಿತು. ಬೇಡವೆಂದಾಗ ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು ಬೇಕೆಂದ ದಿನ ನೆಂಟರ ಹಾಗೆ ಕದಲದೆ ಕೂತಿತ್ತು. ಊರ್ಮಿಳಾ ಮೂರನೇ ಕಟ್ಟಡದ, ಅಂದರೆ ಭದ್ರಮ್ಮನವರ ಸ್ವಂತ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ಬ್ಯಾಟರಿಯ ಲ್ಯಾಪ್‌ಟಾಪ್ ಇಟ್ಟುಕೊಂಡು ಉಗುರು ಕಡಿಯುತ್ತಿದ್ದಳು. ಜೊತೆಗಿದ್ದವನು ಕಂಪನಿಯ ಸಹೋದ್ಯೋಗಿ ಹನುಮೇಶ. ಲಗ್ಗೆರೆಯವನು, ಪೀಣ್ಯದ ಸ್ಪ್ರಿಂಗ್ ಕಾರ್ಖಾನೆಗಳಲ್ಲಿ ಹದಿನೈದು ವರ್ಷ ಪಳಗಿದ ಕೈ. ಅಳತೆ ಟೇಪಿನ ಹಾಗೆ ಸುರುಳಿ ಸುತ್ತಿಕೊಂಡು, ಬಿಟ್ಟರೆ ತಾನೇ ನೆಟ್ಟಗೆ ನಿಲ್ಲುವ ಉಕ್ಕಿನ ಪಟ್ಟಿಯ ಆಂಟೆನಾಗಳು ಅವನ ಮಕ್ಕಳು. ಒಣಗಹಾಕಿದ್ದ ಸೀರೆಗಳ ನಡುವೆ ಒಂದು ನಿಂತಿತ್ತು, ಉಳಿದವು ಬೇರೆ ಐದು ತಾರಸಿಗಳ ಮೇಲಿದ್ದವು.

ಹತ್ತು ನಲವತ್ತಕ್ಕೆ ಕೆಳಗೆಲ್ಲೋ ಮಿಕ್ಸಿಯೊಂದು ಅರ್ಧಕ್ಕೇ ನಿಂತಿತು.

“ಹೋಯ್ತು ಮೇಡಂ,” ಎಂದ ಹನುಮೇಶ, ಮಗಳಿಗೆ ಗಂಡು ಒಪ್ಪಿದ ಸುದ್ದಿ ಹೇಳುವವನ ಹಾಗೆ.

ಭದ್ರಮ್ಮ ಕೈಯಲ್ಲೊಂದು ಛತ್ರಿ ಹಿಡಿದು ಬೀದಿಗಿಳಿದರು. ಒಂದೊಂದೇ ಮನೆಯ ಬಾಗಿಲು ಬಡಿದರು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ, “ಆಂಟಿ, ಮೀಟಿಂಗಲ್ಲಿದ್ದೀನಿ” ಎಂದು ಗೋಗರೆದ. “ನಿಮ್ಮ ಮೀಟಿಂಗು ದಿನಾ ಇರ್ತದೆ ಕಣಪ್ಪ. ಇವತ್ತು ಸೂರ್ಯ ಮಾತಾಡ್ತಾನೆ, ನೀನು ವಸಿ ಸುಮ್ಕಿರು” ಎಂದು ಅವರೇ ಒಳಗೆ ಹೋಗಿ ಯುಪಿಎಸ್ ಗುಂಡಿ ಒತ್ತಿದರು. ಹನ್ನೊಂದೂಕಾಲಿಗೆ ಊರ್ಮಿಳಾಳ ಪರದೆಯ ಮೇಲೆ ಒಂದೊಂದೇ ಗೆರೆ ಇಳಿಯತೊಡಗಿತು. ಹನ್ನೊಂದೂವರೆಗೆ ಬೀದಿಗೆ ಬೀದಿಯೇ ಮೌನವಾಯಿತು. ಕೆರೆಯಾಚೆಯ ಅಪಾರ್ಟ್‌ಮೆಂಟುಗಳ ಸದ್ದು ದೂರದ ಮದುವೆಮನೆಯ ವಾಲಗದಂತೆ ಇತ್ತು, ಸಹಿಸಬಹುದಿತ್ತು.

ಒಂದು ಗದ್ದಲ ಮಾತ್ರ ಹೋಗಲಿಲ್ಲ. ಬಾಚಣಿಗೆಯ ಹಲ್ಲಿನಂತೆ ಸಾಲು ಸಾಲು ಮುಳ್ಳು, ಅದೂ ಇದೇ ಮೂರನೇ ತಾರಸಿಯಲ್ಲಿ.

“ಕೆಳಗೇ ಇದೆ ಮೇಡಂ,” ಎಂದು ಹನುಮೇಶ ತನ್ನ ಹಳೇ ಟ್ರಾನ್ಸಿಸ್ಟರ್ ತೆಗೆದ. ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಹಿಡಿದರೆ ಗದ್ದಲದ ಹತ್ತಿರ ಹೋದಷ್ಟೂ ಅದು ಕಿರ್ರೆನ್ನುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರಗಳಿದ್ದರೂ ಶೆಡ್ಡಿನಲ್ಲಿ ಎಲ್ಲರೂ ನಂಬುವುದು ಅದನ್ನೇ. ಇಬ್ಬರೂ ಮೆಟ್ಟಿಲಿಳಿದರು, ಆಗಷ್ಟೇ ಬೀದಿಯಿಂದ ಮರಳಿದ್ದ ಭದ್ರಮ್ಮನವರೂ ಜೊತೆಗೂಡಿದರು. ಅಡುಗೆಮನೆ ಸುಮ್ಮನಿತ್ತು. ನಡುಮನೆಯೂ ಸುಮ್ಮನಿತ್ತು. ದೇವರ ಮನೆಯ ಬಾಗಿಲಲ್ಲಿ ಟ್ರಾನ್ಸಿಸ್ಟರ್ ಕಿಟಾರನೆ ಕಿರುಚಿತು.

ಒಳಗೆ ಮುನೇಶ್ವರನ ಪಟ. ಅದರ ಮುಂದೆ ಜ್ವಾಲೆಯ ಆಕಾರದ ಕೆಂಪು ಎಲ್‌ಇಡಿ ದೀಪ, ಹಿಂದೆ ಗೋಡೆಗೆ ಸಣ್ಣದೊಂದು ಬ್ಯಾಟರಿ ಪೆಟ್ಟಿಗೆ.

“ಅಮ್ಮ, ಎಲ್ಲಾ ಆಫ್ ಮಾಡಿದ್ದೀನಿ ಅಂದ್ರಲ್ಲ?”

“ಮಾಡಿವ್ನಲ್ಲ.”

“ಇದು?”

“ಇದು ಕರೆಂಟಲ್ಲ ಕಣಮ್ಮ, ದೇವ್ರ ದೀಪ,” ಎಂದರು ಭದ್ರಮ್ಮ. ಅವರ ದನಿಯಲ್ಲಿ ನೆಪವಿರಲಿಲ್ಲ. ನಿಜವಾಗಿಯೂ ಅದು ಅವರ ಲೆಕ್ಕಕ್ಕೆ ಬಂದಿರಲಿಲ್ಲ. “ಈ ಮನೆ ಒಕ್ಲು ಬಂದ ದಿನ ನಮ್ಮ ಯಜಮಾನ್ರು ಕೈಯಾರೆ ಕೂರ್ಸಿದ್ದು. ಕರೆಂಟ್ ಓದ್ರೂ ಮುನೇಶ್ವರ ಕತ್ಲಲ್ಲಿ ಇರ್ಬಾರ್ದು ಅಂತ ಆ ಪೆಟ್ಟಿಗೆನೂ ಅವ್ರೇ ಮಾಡಿದ್ರು. ಅವ್ರು ಓಗಿ ಅನ್ನೊಂದು ವರ್ಸ ಆಯ್ತು. ಒಂದಿನ ಆರಿಲ್ಲ.”

ಯಜಮಾನರೆಂದರೆ ರಾಮಾಂಜಿನಪ್ಪ. ಅವರ ಫೋಟೋ ಪಕ್ಕದ ಗೋಡೆಯಲ್ಲೇ ಇತ್ತು, ಮೀಸೆಯ ಕೆಳಗೆ ಸಣ್ಣ ನಗು. ಊರ್ಮಿಳಾಳ ಮೂರು ವರ್ಷಗಳ ಕೆಲಸಕ್ಕೂ ಅದರ ಗುರಿಗೂ ನಡುವೆ ಒಂದು ಸ್ವಿಚ್ ಇತ್ತು. ಆ ಸ್ವಿಚ್ ಒತ್ತಿ ಎಂದು ಹೇಳುವ ನಾಲಿಗೆ ಅವಳಿಗಿರಲಿಲ್ಲ.

“ಇರಲಿ ಅಮ್ಮ,” ಎಂದು ತಾರಸಿಗೆ ಮರಳಿದಳು. ಮೂರನೆಯದನ್ನು ಬಿಟ್ಟು ಐದೇ ಆಂಟೆನಾ ಇಟ್ಟುಕೊಂಡರೆ ಹದಿನೈದು ಜೋಡಿಗಳ ಬದಲು ಹತ್ತು ಜೋಡಿ. ನಡುವಿನದೇ ಹೋದರೆ ಚಿತ್ರ ಕಲಸಿದ ಹಿಟ್ಟಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅಳು ಬಂತು. ಒರೆಸಿಕೊಂಡು ಲೆಕ್ಕ ಬದಲಿಸಲು ಕೂತಳು.

ಹತ್ತು ನಿಮಿಷ ಕಳೆದಿರಬೇಕು. ಪರದೆಯ ಮೇಲಿನ ಮುಳ್ಳಿನ ಸಾಲು ಒಮ್ಮೆಗೇ ಮಾಯವಾಯಿತು.

ಅವಳು ಓಡಿ ಕೆಳಗೆ ಬಂದಾಗ ಭದ್ರಮ್ಮ ಇನ್ನೂ ದೇವರ ಮನೆಯಲ್ಲೇ ಇದ್ದರು. ಪಟದ ಮುಂದೆ ಹಿತ್ತಾಳೆಯ ದೀಪದಲ್ಲಿ ಎಣ್ಣೆ ಬತ್ತಿ ಉರಿಯುತ್ತಿತ್ತು. ಕೆಂಪು ದೀಪ ಆರಿತ್ತು. ಅವರ ಬೆರಳು ಇನ್ನೂ ಸ್ವಿಚ್ಚಿನ ಮೇಲಿತ್ತು.

“ಇದು ಮೊದ್ಲು ಅಚ್ಚಿದೆ, ಆಮೇಲೆ ಅದನ್ನ ತೆಗ್ದೆ,” ಎಂದರು. “ದೇವ್ರಿಗೆ ಬೆಳಕು ಬೇಕು, ಪ್ಲಗ್ಗು ಬೇಕಾಗಿಲ್ಲ. ಎಣ್ಣೆ ದೀಪ ಗಲಾಟೆ ಮಾಡ್ತದಾ?”

“ಇಲ್ಲ ಅಮ್ಮ.”

“ಮತ್ಯಾಕೆ ನಿಂತಿದ್ದೀಯ? ಓಗು.”

ಮೌನವೇನೋ ಸಿಕ್ಕಿತು. ಇನ್ನು ಸೂರ್ಯ ಬಾಯಿ ಬಿಡಬೇಕಿತ್ತು. ಅವನ ಮುಖದ ಮೇಲೆ ಆ ವಾರ ದೊಡ್ಡದೊಂದು ಕಲೆಗಳ ಗುಂಪಿತ್ತು, ಮೂರು ದಿನಗಳಿಂದ ಗಂಟೆಗೊಮ್ಮೆ ಗುಡುಗುತ್ತಿತ್ತು. ಆದರೆ ಕೇಳುವವರು ಕಿವಿ ತೆರೆದ ಮೇಲೆ ಅವನು ಸಭ್ಯಸ್ಥನಾಗಿಬಿಟ್ಟ. ಹನ್ನೆರಡು ಹೊಡೆಯಿತು, ಹನ್ನೆರಡೂವರೆಯೂ ಆಯಿತು. ಭದ್ರಮ್ಮ ಮೇಲೆ ಬಂದು ಛತ್ರಿ ಬಿಚ್ಚಿ ಕೂತರು. ಯುಪಿಎಸ್ ಕಳೆದುಕೊಂಡು ಬೇಸತ್ತ ಬಾಡಿಗೆಯವರೂ ಒಬ್ಬೊಬ್ಬರಾಗಿ ಹತ್ತಿ ಬಂದರು, ಮೀಟಿಂಗ್ ಕಳೆದುಕೊಂಡ ಹುಡುಗನೂ ಬಂದ. ಯಾರೋ ಮಜ್ಜಿಗೆ ತಂದರು.

ಹನ್ನೆರಡು ನಲವತ್ತೇಳಕ್ಕೆ ಹನುಮೇಶ ರಿಸೀವರಿಗೆ ಜೋಡಿಸಿದ್ದ ಸ್ಪೀಕರಿನಲ್ಲಿ ಚುಂಯ್ ಎಂದು ಎದ್ದ ಸದ್ದು ನಿಧಾನವಾಗಿ ಇಳಿದು ಹೋಯಿತು.

“ಒಗ್ಗರಣೆ ಆಕ್ದಂಗಾಯ್ತಲ್ಲ,” ಎಂದರು ಭದ್ರಮ್ಮ.

“ಅದೇ ಅಮ್ಮ,” ಎಂದಳು ಊರ್ಮಿಳಾ. “ಅದೇ ಸೂರ್ಯ.”

ಮತ್ತೆರಡು ಸಲ ಒಗ್ಗರಣೆ ಬಿತ್ತು. ಆರೂ ತಾರಸಿಗಳ ಲೆಕ್ಕ ಸೇರಿಸಿ ಗುಣಿಸಿ ಕೂಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಪರದೆಯ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಮಸುಕಾದ ಒಂದು ಉಂಡೆ ಮೂಡಿತು, ಅದರ ಎಡ ಅಂಚಿನಲ್ಲಿ ಕಣ್ಣು ಕೋರೈಸುವ ಒಂದು ಚುಕ್ಕೆ. ಮುಂದಿನ ಚಿತ್ರದಲ್ಲಿ ಆ ಚುಕ್ಕೆ ತುಸು ಹೊರಗೆ ಸರಿದಿತ್ತು, ಅದರ ಮುಂದಿನದರಲ್ಲಿ ಇನ್ನೂ ಹೊರಗೆ. ಸೂರ್ಯನಿಂದ ಹೊರಟದ್ದು ಯಾವ ದಾರಿ ಹಿಡಿಯಿತೆಂದು ವರ್ತೂರಿನ ಆರು ತಾರಸಿಗಳು ಕಂಡುಹಿಡಿದಿದ್ದವು. ಊರ್ಮಿಳಾ ಭದ್ರಮ್ಮನವರನ್ನು ತಬ್ಬಿಕೊಂಡಳು. ಹನುಮೇಶ ಯಾರಿಗೂ ಕಾಣಬಾರದೆಂದು ಟ್ಯಾಂಕಿನ ಹಿಂದೆ ಹೋಗಿ ಎರಡು ಹೆಜ್ಜೆ ಕುಣಿದ, ಎಲ್ಲರಿಗೂ ಕಂಡಿತು.

ನಾಲ್ಕಕ್ಕೆ ಕರೆಂಟ್ ಬಂತು. ಭದ್ರಮ್ಮ ದೇವರ ಮನೆಗೆ ಹೋಗಿ ಸ್ವಿಚ್ ಒತ್ತಿದರು. ಕೆಂಪು ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದರು. ಅಷ್ಟು ವರ್ಷ ಬಿಡುವಿಲ್ಲದೆ ಉರಿದ ಪೆಟ್ಟಿಗೆ ಒಂದು ಸಲ ನಿಂತದ್ದೇ ಏಳಲು ಒಪ್ಪಲಿಲ್ಲ. ಹಳೇ ಸರ್ಕ್ಯೂಟುಗಳ ಸ್ವಭಾವವೇ ಅದು, ಊರ್ಮಿಳಾಗೆ ಮೊದಲೇ ಹೊಳೆಯಬೇಕಿತ್ತು.

“ಹನುಮೇಶ ಈಗಲೇ ಬಿಚ್ಚಿ ನೋಡ್ತಾರೆ ಅಮ್ಮ.”

“ಬ್ಯಾಡ,” ಎಂದರು ಭದ್ರಮ್ಮ, ಫೋಟೋದ ಕಡೆ ನೋಡದೆ. “ಸುಕ್ರವಾರ ನಿನ್ನ ಪರೀಕ್ಸೆ ಮುಗೀಲಿ. ಆಮೇಲೆ ನೋಡಾನ. ಅಲ್ಲೀಗಂಟ ಎಣ್ಣೆ ಐತೆ.”

ಆ ರಾತ್ರಿಯಿಡೀ ಊರ್ಮಿಳಾಳ ತಲೆಯಲ್ಲಿ ಆ ಪೆಟ್ಟಿಗೆಯೇ. ಆರಿಸಬೇಕಾದವುಗಳ ಪಟ್ಟಿಯಲ್ಲಿ ಭದ್ರಮ್ಮ ಅದನ್ನು ಯಾಕೆ ಸೇರಿಸಲಿಲ್ಲ? ಅದು ಎಂದೂ ಆರದ ದೀಪವಾದ್ದರಿಂದ. ಹಲ್ಲುಜ್ಜುತ್ತಿದ್ದವಳು ಬ್ರಷ್ ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟಳು. ಅವಳ ಉಪಗ್ರಹದಲ್ಲೂ ಅಂಥದೊಂದಿತ್ತು. ಬ್ಯಾಟರಿಯನ್ನು ಬೆಚ್ಚಗಿಡುವ, ಕಂಪ್ಯೂಟರ್ ಮೂರ್ಛೆ ಹೋದರೆ ಎಬ್ಬಿಸುವ ಪುಟ್ಟ ಕಾವಲು ಸರ್ಕ್ಯೂಟ್. ಅದು ನಿಂತರೆ ಉಪಗ್ರಹವೇ ಸತ್ತಂತೆ, ಹಾಗಾಗಿ ಎಂದೂ ನಿಲ್ಲುವುದಿಲ್ಲ. ಸೂರ್ಯನನ್ನು ಕೇಳುವಾಗ ಸುಮ್ಮನಿರಿಸಬೇಕಾದ ನಲವತ್ತೊಂದು ವಸ್ತುಗಳ ಪಟ್ಟಿಯನ್ನು ಅವಳೇ ಮಾಡಿದ್ದಳು, ಕಾವಲಿನ ಹೆಸರು ಅದರಲ್ಲಿರಲಿಲ್ಲ. ತಾರಸಿಗೆ ತಂದದ್ದು ರಿಸೀವರ್‌ಗಳನ್ನು ಮಾತ್ರ, ಕಾವಲು ಶೆಡ್ಡಿನಲ್ಲೇ ಉಳಿದಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಇವಳು ಊರವರ ಎಲೆಯ ನೊಣ ಓಡಿಸುತ್ತ ತಿರುಗಿದ್ದಳು.

ಗುರುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಮಾದರಿ ಉಪಗ್ರಹದ ಪಕ್ಕ ಟ್ರಾನ್ಸಿಸ್ಟರ್ ಹಿಡಿದಳು. ಅದು ದೇವರ ಮನೆಯಲ್ಲಿ ಕಿರುಚಿದ ಹಾಗೆಯೇ ಕಿರುಚಿತು.

ಕಂಪನಿ ಕಟ್ಟಿದ ಉಪೇಂದ್ರ ಹಣೆ ಒತ್ತಿಕೊಂಡ. “ನೋಡು ಊರ್ಮಿಳಾ, ಚಿತ್ರ ಬಂದಿದೆ. ಅವರು ಕೇಳಿದ್ದು ಅಷ್ಟೇ. ಇದನ್ನ ಒಪ್ಪಿಗೆ ಸಿಕ್ಕಿದ ಮೇಲೆ ಸರಿ ಮಾಡ್ಕೊಂಡ್ರಾಯ್ತು. ಈಗ ಹೇಳಿದ್ರೆ ಗೆದ್ದಿದ್ದನ್ನ ನಾವೇ ಸೋತಂಗೆ.”

“ಭದ್ರಮ್ಮ ಹನ್ನೊಂದು ವರ್ಷ ಆರದ ದೀಪ ತೆಗ್ದಿದ್ದಾರೆ ಉಪೇಂದ್ರ. ನಾನು ಒಂದು ಸ್ಲೈಡ್ ಹಾಕೋಕಾಗಲ್ವಾ?”

ಉಪೇಂದ್ರನಿಗೆ ಯಾವ ದೀಪವೆಂದು ತಿಳಿಯಲಿಲ್ಲ. ಅವಳ ಮುಖ ನೋಡಿ, “ಆಯ್ತು, ಹಾಕು” ಎಂದ.

ಶುಕ್ರವಾರ ಸಭೆಯಲ್ಲಿ ಚಿತ್ರ ನೋಡಿ ಸಮಿತಿಯವರು ತಲೆದೂಗಿದರು. ಅದಾದ ಮೇಲೆ ಊರ್ಮಿಳಾ ನಲವತ್ತೊಂದನೇ ಸ್ಲೈಡ್ ಹಾಕಿದಳು. ಕಾವಲು ಸರ್ಕ್ಯೂಟ್ ಕರೆಂಟನ್ನು ಸೆಕೆಂಡಿಗೆ ಲಕ್ಷ ಸಲ ಕತ್ತರಿಸಿ ಉಳಿತಾಯ ಮಾಡುವ ಜಾಣ, ಆ ಜಾಣತನದಲ್ಲೇ ಗದ್ದಲ ಹುಟ್ಟುತ್ತದೆ, ಹೀಗೇ ಹಾರಿಸಿದ್ದರೆ ಆರೂ ಉಪಗ್ರಹಗಳು ಸೂರ್ಯನ ಬದಲು ತಮ್ಮ ಹೊಟ್ಟೆಯ ಸದ್ದನ್ನೇ ಕೇಳುತ್ತಿದ್ದವು ಎಂದಳು. ಉಪಾಯವನ್ನೂ ಹೇಳಿದಳು. ಕೇಳುವ ಹೊತ್ತಿಗೆ ಜಾಣನನ್ನು ಮಲಗಿಸಿ, ಬ್ಯಾಟರಿಯಿಂದ ನೇರ ಒಂದು ದಡ್ಡ ತಂತಿಯಲ್ಲಿ ಕಾವು ಕೊಡುವುದು. ಸ್ವಲ್ಪ ಕರೆಂಟ್ ಪೋಲಾಗುತ್ತದೆ, ಆದರೆ ಉಸಿರೆತ್ತುವುದಿಲ್ಲ. “ಮೊದಲು ಎಣ್ಣೆ ದೀಪ ಹಚ್ಚಬೇಕು ಸಾರ್, ಆಮೇಲೆ ಇದನ್ನ ತೆಗೀಬೇಕು,” ಎಂದು ಬಾಯಿ ತಪ್ಪಿ ಅಂದುಬಿಟ್ಟಳು. ಕೊನೆಗೆ ದೇವರ ಮನೆಯ ಕಥೆ ಪೂರ್ತಿ ಹೇಳಬೇಕಾಯಿತು.

ಶ್ರೀಧರ್ ಕನ್ನಡಕ ತೆಗೆದು ಒರೆಸಿದರು. “ನಮ್ಮದೂ ಒಂದು ಹೀಗೇ ಇತ್ತಮ್ಮ. ನಮಗೆ ಗೊತ್ತಾಗಿದ್ದು ಅದು ಮೇಲೆ ಹೋದ ಮೇಲೆ.” ಆಮೇಲೆ ಕಡತ ಎಳೆದುಕೊಂಡು, “ಆರೂ ಕಟ್ಟಿ. ಆ ದಡ್ಡ ತಂತಿಗೆ ನಕ್ಷೆಯಲ್ಲಿ ಏನು ಹೆಸರಿಡ್ತೀರಿ?” ಎಂದು ಕೇಳಿದರು.

“ಭದ್ರಮ್ಮ,” ಎಂದಳು ಊರ್ಮಿಳಾ.

ಶನಿವಾರ ಅವಳು ಚೌಕಟ್ಟು ಹಾಕಿಸಿದ ಸೂರ್ಯನನ್ನು ತಂದಳು. ಹನುಮೇಶ ಬೆಸುಗೆ ಕಡ್ಡಿ ತಂದ. ಮೂರು ದಿನಗಳಿಂದ ಭದ್ರಮ್ಮ ರಾತ್ರಿ ಎರಡೆರಡು ಸಲ ಎದ್ದು ಎಣ್ಣೆ ಹಾಕಿದ್ದರೆಂದು ಪಕ್ಕದ ಮನೆಯವರಿಂದ ಗೊತ್ತಾಗಿತ್ತು. ಭದ್ರಮ್ಮ ತಾವಾಗಿ ಹೇಳಿರಲಿಲ್ಲ. ಪೆಟ್ಟಿಗೆ ಬಿಚ್ಚುವಾಗ ಒಂದೊಂದು ಸ್ಕ್ರೂವನ್ನೂ ಅವರು ಅಂಗೈಯಲ್ಲಿ ಹಿಡಿದುಕೊಂಡರು.

ಹನುಮೇಶ ಉಬ್ಬಿಹೋಗಿದ್ದ ಒಂದು ಬಿಡಿಭಾಗ ಬದಲಿಸಿದ. ರಾಮಾಂಜಿನಪ್ಪನವರ ಕೈಯ ಬೇರೇನನ್ನೂ ಮುಟ್ಟಲಿಲ್ಲ. ಕೊನೆಗೆ ಜೇಬಿನಿಂದ ಕಪ್ಪನೆಯ ಪುಟ್ಟ ಉಂಗುರವೊಂದನ್ನು ತೆಗೆದು ದೀಪದ ವೈರನ್ನು ಅದರೊಳಗೆ ಮೂರು ಸುತ್ತು ಸುತ್ತಿದ.

“ಅದೇನಪ್ಪ?”

“ಗದ್ದಲ ಹೀರ್ಕೊಳ್ಳುತ್ತೆ ಅಮ್ಮ. ಆಕಾಶಕ್ಕೆ ಹೋಗೋಕೆ ಅಂತ ತರಿಸಿದ್ವಿ, ಒಂದು ಮಿಕ್ಕಿತ್ತು.”

ಭದ್ರಮ್ಮ ಸ್ವಿಚ್ ಒತ್ತಿದರು. ಕೆಂಪು ದೀಪ ಹತ್ತಿತು. ಅವರು ತುಂಬ ಹೊತ್ತು ಅದನ್ನೇ ನೋಡಿದರು. ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡಲಿಲ್ಲ. ಆಮೇಲೆ ಸೂರ್ಯನ ಚಿತ್ರವನ್ನು ಬೆಳಕಿಗೆ ಹಿಡಿದು, “ಇದ್ರಲ್ಲಿ ನಮ್ಮನೆ ಯಾವ ಭಾಗ?” ಎಂದು ಕೇಳಿದರು.

“ಎಲ್ಲಾ ಕಡೆನೂ ಇದೆ ಅಮ್ಮ. ಒಂದು ತಾರಸಿ ತೆಗೆದ್ರೂ ಪೂರ್ತಿ ಚಿತ್ರ ಕೆಡುತ್ತೆ.”

ಅವರು ಅದನ್ನು ರಾಮಾಂಜಿನಪ್ಪನವರ ಫೋಟೋದ ಪಕ್ಕ ತೂಗುಹಾಕಿದರು. ಹನುಮೇಶ ಪರೀಕ್ಷೆಗೆಂದು ಟ್ರಾನ್ಸಿಸ್ಟರನ್ನು ದೀಪದ ಪಕ್ಕದಲ್ಲೇ ಇಟ್ಟ. ಎಲ್ಲರೂ ಕಿವಿಗೊಟ್ಟರು. ದೀಪ ಉರಿಯುತ್ತಿತ್ತು, ಟ್ರಾನ್ಸಿಸ್ಟರ್ ಸುಮ್ಮನಿತ್ತು. ಸ್ವಲ್ಪ ಹೊತ್ತು ನೋಡಿ ಭದ್ರಮ್ಮನವರೇ ಅದರ ಕಿವಿ ಹಿಂಡಿ ಹಾಡು ಬರುವ ಕಡೆ ಮುಳ್ಳು ತಿರುಗಿಸಿದರು.